ದೆವ್ವದ ಪುಸ್ತಕಕ್ಕೆ ಬೀಗ ಯಾಕೆ?

ಮುತ್ಯಾ ತೀರಿಕೊಂಡ ವರ್ಷ ಅವನ ಟ್ರಂಕು ತೆಗೆದಾಗ ಎರಡು ವಸ್ತು ಸಿಕ್ಕವು. ಒಂದು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ತಾಳೆಗರಿ ಕಟ್ಟು. ಇನ್ನೊಂದು, ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ತೆಳ್ಳನೆ ಪುಸ್ತಕ. ಮೇಲೆ ತಲೆಬುರುಡೆಯ ಚಿತ್ರ. ಒಳಗೆ ವಶೀಕರಣ, ದೆವ್ವ ಬಿಡಿಸುವುದು, ನಿಧಿ ಹುಡುಕುವುದು, ಚೇಳು ಕಡಿದರೆ ಹೇಳುವ ಮಂತ್ರ, ಹೀಗೆ ಬಾಳಿಗೆ ಬೇಕಾದ್ದೆಲ್ಲ ಬರೀ 80 ಪುಟದಲ್ಲಿ. ಆಯಿ ಪಡಸಾಲೆಯ ಆ ತುದಿಯಿಂದಲೇ ಕೂಗಿದಳು: "ಏ ತಮ್ಮಾ, ಅದಕ್ಕ ಕೈ ಹಚ್ಚಬ್ಯಾಡ. ಒಳಗ ಏನದನೋ ಏನೋ!"

ಕಟ್ಟನ್ನು ಏನು ಮಾಡಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಹೊಳೆಗೆ ಬಿಡೋಣ ಅಂದರು ಕಾಕಾ. ಕೊನೆಗೆ ಅದನ್ನು ಚೀಲದಲ್ಲಿ ಇಟ್ಟುಕೊಂಡು ಕಲಬುರಗಿಗೆ ಹೋಗಿ, ಪರಿಚಯದವರ ಮೂಲಕ ಹಳೆಯ ಹಸ್ತಪ್ರತಿ ನೋಡಿಕೊಳ್ಳುವ ಒಬ್ಬ ಮೇಡಂ ಮುಂದೆ ಇಟ್ಟೆ. ಅವರ ಹಿಂದೆ ಬೀಗ ಹಾಕಿದ ಕಬ್ಬಿಣದ ಅಲಮಾರಿಗಳ ಸಾಲು. ಸುಮ್ನೆ ಇರಲಾರದೆ ಕೇಳಿಬಿಟ್ಟೆ: "ಮೇಡಂ, ಮಂತ್ರದ ಪುಸ್ತಕ ಅಂತ ಬೀಗ ಹಾಕಿದ್ದೀರಾ?" ಅವರು ನಕ್ಕು, "ಅವಕ್ಕೆ ಹೆದರಿ ಅಲ್ರೀ, ನಿಮ್ಮಂಥವರಿಗೆ ಹೆದರಿ" ಅಂದರು. ಆಗ ನನಗೆ ಸ್ವಲ್ಪ ಅವಮಾನವಾಯಿತು, ನಿಜ. ಆದರೆ ಆಮೇಲೆ ಓದುತ್ತಾ, ಕೇಳುತ್ತಾ ಹೋದ ಹಾಗೆ ಅವರ ಮಾತಿನಲ್ಲಿ ಎಷ್ಟು ಅರ್ಥ ಇದೆ ಅಂತ ತಿಳಿಯಿತು.

ಮೇಡಂ ನೋಡಿಕೊಳ್ಳುವಂಥದ್ದಕ್ಕೆ ಗ್ರಂಥಾಲಯದವರು 'ವಿಶೇಷ ಸಂಗ್ರಹ' ಅನ್ನುತ್ತಾರೆ. ಮೊದಲು ಹಾಗಂದರೆ ಏನು ನೋಡೋಣ. ಗ್ರಂಥಾಲಯದಲ್ಲಿ ನಾವೇ ಹೋಗಿ ಕಪಾಟಿನಿಂದ ತೆಗೆದುಕೊಳ್ಳುವ ಪುಸ್ತಕ ಬೇರೆ. ಅದು ಕಳೆದರೆ ಇನ್ನೊಂದು ಪ್ರತಿ ತರಿಸಬಹುದು. ವಿಶೇಷ ಸಂಗ್ರಹದಲ್ಲಿರುವುದು ಮತ್ತೆ ಸಿಗದೇ ಇರುವಂಥದ್ದು: ಕೈಬರಹ, ಹಳೆಯ ಮುದ್ರಣ, ಪತ್ರ, ನಕಾಶೆ, ಒಬ್ಬರೇ ಜೀವಮಾನವಿಡೀ ಕೂಡಿಹಾಕಿದ ರಾಶಿ. ಅದನ್ನು ಮನೆಗೆ ಕೊಡುವುದಿಲ್ಲ. ಚೀಟಿ ಬರೆದು ಕೊಟ್ಟರೆ ಅವರೇ ತಂದು ಮೇಜಿನ ಮೇಲೆ ಇಡುತ್ತಾರೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಸಿನಿಮಾದಲ್ಲಿ ತೋರಿಸುವ ಬಿಳಿ ಕೈಗವಸು ಸಾಮಾನ್ಯವಾಗಿ ಬೇಕಾಗಿಲ್ಲ. ಕೈಗವಸು ಹಾಕಿದರೆ ಬೆರಳಿಗೆ ಹಾಳೆಯ ಸ್ಪರ್ಶವೇ ತಿಳಿಯದೆ ಹರಿಯುವುದು ಜಾಸ್ತಿ. ತೊಳೆದು ಒರೆಸಿದ ಕೈ ಸಾಕು.

ಇದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಚಿತ್ತಾಪುರದ ಹತ್ತಿರ ನಾಗಾವಿ ಇದೆಯಲ್ಲ, ಅಲ್ಲಿನ 1058ರ ಶಾಸನದಲ್ಲಿ ಘಟಿಕಾಸ್ಥಾನದ, ಅಂದರೆ ಆ ಕಾಲದ ವಿದ್ಯಾಕೇಂದ್ರದ, ಲೆಕ್ಕ ಸಿಗುತ್ತದೆ. ವೇದ ಓದುವವರು 200, ಶಾಸ್ತ್ರ ಓದುವವರು 50. ಅವರ ಪುಸ್ತಕ ನೋಡಿಕೊಳ್ಳಲು 6 ಜನ ಸರಸ್ವತೀ ಭಂಡಾರಿಗರು. 250 ಹುಡುಗರಿಗೆ ಆರು ಜನ ಲೈಬ್ರರಿಯನ್ನರು! ಇವತ್ತು ಯಾವ ಕಾಲೇಜಿನಲ್ಲಿ ಇದ್ದಾರೆ ಹೇಳಿ.

ಸರಿ, ದೆವ್ವದ ಪುಸ್ತಕ ಎಲ್ಲಿ ಇಡುತ್ತಾರೆ? ಗ್ರಂಥಾಲಯಕ್ಕೆ ಭಯ ಅನ್ನುವುದೂ ಒಂದು ನಂಬರು. ಹೆಚ್ಚಿನ ಕಡೆ ನಡೆಯುವ ಡ್ಯೂಯಿ ಪದ್ಧತಿಯಲ್ಲಿ 133 ಅಂದರೆ ಅತೀಂದ್ರಿಯ ವಿಷಯ. 133.1 ದೆವ್ವ, 133.4 ಮಾಟ, 133.5 ಜ್ಯೋತಿಷ್ಯ, 133.6 ಹಸ್ತಸಾಮುದ್ರಿಕ. ಅಜ್ಜಿ ಹೇಳಿದ ದೆವ್ವದ ಕತೆಯಾದರೆ ಮತ್ತೆ ಬೇರೆ, ಅದು 398ರ ಜಾನಪದಕ್ಕೆ ಹೋಗುತ್ತದೆ. ಅಂದರೆ ಒಂದೇ ದೆವ್ವ, 'ನಾನು ಕಂಡೆ' ಅಂದರೆ ಒಂದು ಕಪಾಟು, 'ಒಂದಾನೊಂದು ಊರಿನಲ್ಲಿ' ಅಂದರೆ ಇನ್ನೊಂದು ಕಪಾಟು. ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ತಂದ ಕೋಲನ್ ವರ್ಗೀಕರಣದಲ್ಲಿ ಇದು ಇನ್ನೂ ಸೊಗಸು. ಹೆಚ್ಚಿನ ವಿಷಯಕ್ಕೆ ಇಂಗ್ಲಿಷ್ ಅಕ್ಷರ ಕೊಟ್ಟ ಅವರು, ಆಧ್ಯಾತ್ಮಿಕ ಅನುಭವ ಮತ್ತು ಅನುಭಾವಕ್ಕೆ ಗ್ರೀಕಿನ ಡೆಲ್ಟಾ, ಅಂದರೆ ಒಂದು ತ್ರಿಕೋನ ಕೊಟ್ಟು, ಅದನ್ನು ತಂದು ವಿಜ್ಞಾನ ಮತ್ತು ಕಲೆಗಳ ನಡುವೆ ಕೂರಿಸಿದರು. ಆ ಕಡೆಗೂ ಸೇರದ, ಈ ಕಡೆಗೂ ಸೇರದ ತ್ರಿಕೋನ.

ಇನ್ನು ಒಳಗೆ ಏನಿರುತ್ತದೆ ಅನ್ನೋದು. ಇಲ್ಲೇ ಜನ ತಪ್ಪು ತಿಳಿಯುವುದು. ಇಂಥ ಸಂಗ್ರಹ ಅಂದರೆ ಬರೀ ಮಂತ್ರದ ಪುಸ್ತಕದ ರಾಶಿ ಅಂದುಕೊಳ್ಳುತ್ತೇವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾಟಗಾತಿಯರ ಕುರಿತು 3000ಕ್ಕೂ ಹೆಚ್ಚು ಗ್ರಂಥಗಳಿವೆ. ಅದರ ಮೊದಲ ಅಧ್ಯಕ್ಷ ಆಂಡ್ರ್ಯೂ ಡಿಕ್ಸನ್ ವೈಟ್ ಹೆಚ್ಚಿನದನ್ನು 1880ರ ದಶಕದಲ್ಲಿ ಕೊಂಡು ತಂದದ್ದು, ಅವರ ಜೊತೆಗಿದ್ದ ಗ್ರಂಥಪಾಲಕ ಜಾರ್ಜ್ ಲಿಂಕನ್ ಬರ್. ಆ ರಾಶಿಯಲ್ಲಿ ಮಾಟ ಮಾಡುವವರು ಬರೆದದ್ದಕ್ಕಿಂತ ಮಾಟಗಾತಿ ಅಂತ ಹೆಂಗಸರನ್ನು ಹಿಡಿದು ಸುಟ್ಟವರು ಬರೆದದ್ದೇ ಜಾಸ್ತಿ. 1486ರ ಹೊತ್ತಿಗೆ ಜರ್ಮನಿಯಲ್ಲಿ ಹೈನ್ರಿಖ್ ಕ್ರಾಮರ್ ಎಂಬ ಪಾದ್ರಿ ಬರೆದ, ಮಾಟಗಾತಿಯರನ್ನು ಹೇಗೆ ಪತ್ತೆ ಮಾಡಬೇಕು, ಹೇಗೆ ವಿಚಾರಣೆ ಮಾಡಬೇಕು ಎಂಬ ಕೈಪಿಡಿ ಇದೆ. ಅದು ಹತ್ತಾರು ಸಲ ಮರುಮುದ್ರಣವಾಯಿತು. ಯುರೋಪಿನಲ್ಲಿ ಆ ಬೇಟೆಯಲ್ಲಿ ಸತ್ತವರು 40,000ದಿಂದ 60,000 ಅಂತ ಇತಿಹಾಸಕಾರರ ಅಂದಾಜು.

ಕಾರ್ನೆಲ್ಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕೋರ್ಟು ಕಡತ. ಜರ್ಮನಿಯ ಟ್ರಿಯರ್ ಎಂಬ ಊರಿನಲ್ಲಿ ಡೀಟ್ರಿಖ್ ಫ್ಲಾಡೆ ಅನ್ನುವ ನ್ಯಾಯಾಧೀಶನಿದ್ದ. ಮಾಟದ ಆರೋಪ ಹೊತ್ತು ಬಂದವರನ್ನು ವಿಚಾರಿಸುವ ಕುರ್ಚಿಯಲ್ಲಿ ಕೂತವನು. ಚಿತ್ರಹಿಂಸೆ ತಾಳದೆ ಆರೋಪಿಗಳು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದರು, ಹೇಳುತ್ತಾ ಹೇಳುತ್ತಾ ಇವನ ಹೆಸರೂ ಬಂತು. 1589ರಲ್ಲಿ ಅವನನ್ನೂ ಕೊಂದರು. ಅವನ ವಿಚಾರಣೆಯ ದಾಖಲೆ ಈಗ ಆ ಸಂಗ್ರಹದಲ್ಲಿದೆ. ಇದೇ ಟ್ರಿಯರಿನಲ್ಲಿ ಕಾರ್ನೇಲಿಯಸ್ ಲೂಸ್ ಎಂಬ ವಿದ್ವಾಂಸ ಈ ಹುಚ್ಚಿನ ವಿರುದ್ಧ ಪುಸ್ತಕ ಬರೆದ. 1592ರಲ್ಲಿ ಅದನ್ನು ಅಚ್ಚಾಗುವ ಮೊದಲೇ ಕಿತ್ತುಕೊಂಡರು. ಕಳೆದೇ ಹೋಯಿತು ಅಂದುಕೊಂಡಿದ್ದ ಆ ಹಸ್ತಪ್ರತಿಯನ್ನು 1886ರಲ್ಲಿ ಅದೇ ಊರಿನ ಗ್ರಂಥಾಲಯದಲ್ಲಿ ಹುಡುಕಿ ತೆಗೆದವನು ಬರ್. ಹೆಚ್ಚುಕಡಿಮೆ 300 ವರ್ಷ ಅದು ಯಾರದೋ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಭೂತ ಅನ್ನಬೇಕಾದರೆ ಇದನ್ನೇ ಅನ್ನಬೇಕು.

ಲಂಡನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಪ್ರೈಸ್ ಅನ್ನುವ ದೆವ್ವ-ಬೇಟೆಗಾರನ 13,000ದಷ್ಟು ಪುಸ್ತಕ ಮತ್ತು ಕಾಗದಗಳಿವೆ. ಅವನು ಅವನ್ನು ಅಲ್ಲಿಗೆ ತಂದದ್ದು 1936ರಲ್ಲಿ. ಅದರಲ್ಲಿ ದೆವ್ವ ಎಷ್ಟಿದೆಯೋ ಕೈಚಳಕದ ಜಾದೂ ಪುಸ್ತಕಗಳೂ, ಮೋಸ ಬಯಲು ಮಾಡಿದ ಬರಹಗಳೂ ಇವೆ.

ನಮ್ಮ ಕಡೆಗೆ ಬರೋಣ. ದಖ್ಖನ್ನಿನ ಸುಲ್ತಾನರಿಗೆ ಈ ವಿಷಯದಲ್ಲಿ ಆಸಕ್ತಿ ಕಡಿಮೆ ಇರಲಿಲ್ಲ. 1570ರ ಹೊತ್ತಿಗೆ ಬಿಜಾಪುರದಲ್ಲಿ ನುಜೂಮುಲ್ ಉಲೂಮ್ ಎಂಬ ಚಿತ್ರಗಳ ಗ್ರಂಥ ತಯಾರಾಯಿತು. ಗ್ರಹ, ರಾಶಿ, ಯಂತ್ರ, ವಶ ಮಾಡಿಕೊಳ್ಳಬೇಕಾದ ರೂಹಾನಿ ಶಕ್ತಿಗಳು, ಜೊತೆಗೆ ಆಯುಧ, ಆನೆ, ಎಲ್ಲಾ ಒಂದರಲ್ಲೇ. ರಾಜನಿಗೆ ಆನೆಯ ಲಕ್ಷಣ ತಿಳಿದಿರಬೇಕಾದ ಹಾಗೆ ಗ್ರಹದ ಲಕ್ಷಣವೂ ತಿಳಿದಿರಬೇಕು, ಎರಡೂ ಆಡಳಿತದ ವಿದ್ಯೆಯೇ. ಆ ಗ್ರಂಥ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಬೀದರದ ಮಹಮೂದ್ ಗವಾನನ ಮದರಸಾ 1472ರಲ್ಲಿ ಕಟ್ಟಿದ್ದು, ಅಲ್ಲಿ 3000 ಹಸ್ತಪ್ರತಿಗಳಿದ್ದವು ಅನ್ನುತ್ತಾರೆ. 1696ರಲ್ಲಿ ಒಳಗಿದ್ದ ಮದ್ದುಗುಂಡು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಇವತ್ತು ಹೋಗಿ ನೋಡಿದರೆ ಒಂದೇ ಮಿನಾರು, ಅದಕ್ಕೆ ಅಲ್ಲಲ್ಲಿ ಉಳಿದ ನೀಲಿ ಹೆಂಚು. ಪುಸ್ತಕದ ಕೋಣೆ ಯಾವುದಿತ್ತು ಅಂತ ಗೋಡೆ ನೋಡುತ್ತಾ ನಿಂತರೆ ನಿಜವಾಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಯಾದಗಿರಿ ಜಿಲ್ಲೆಯಲ್ಲಿ ಇನ್ನೊಂದು ಬಗೆ. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನ, ಅಂದರೆ ಮುಂದಾಗುವುದನ್ನು ಹೇಳುವ ವಚನಗಳು. ಅವನ್ನು ಅಮರಗನ್ನಡ ಎಂಬ ಗುಪ್ತ ಲಿಪಿಯಲ್ಲಿ ಬರೆದಿಟ್ಟರು. ಕನ್ನಡ ಬಲ್ಲವರು ಎದುರಿಗೆ ಇಟ್ಟುಕೊಂಡು ಕೂತರೂ ಓದಲು ಬರುವುದಿಲ್ಲ, ಆ ಪರಂಪರೆಯವರು ಹೇಳಿಕೊಟ್ಟರೆ ಮಾತ್ರ ಬಿಡಿಸಬಹುದು. ಮೊಬೈಲಿಗೆ ಪಾಸ್‌ವರ್ಡ್ ಹಾಕುವ ನಾವು ಇದನ್ನು ಕೇಳಿ ಆಶ್ಚರ್ಯ ಪಡಬೇಕಾಗಿಲ್ಲ, ಅಲ್ವಾ?

ಮಂತ್ರ ಒಂದು ಕಡೆ, ಔಷಧ ಒಂದು ಕಡೆ ಅನ್ನುವ ಗೆರೆ ಕೂಡ ಹಳೆಯ ಪುಸ್ತಕಗಳಿಗೆ ಗೊತ್ತಿಲ್ಲ. 14ನೇ ಶತಮಾನದ ಮಂಗರಾಜ ವಿಷವೈದ್ಯದ ಮೇಲೆ ಖಗೇಂದ್ರಮಣಿದರ್ಪಣ ಬರೆದ. ಹಾವು ಕಡಿದರೆ ಯಾವ ಬೇರು ಅರೆಯಬೇಕು ಅಂತಲೂ ಅದರಲ್ಲಿದೆ, ಯಾವ ಮಂತ್ರ ಹೇಳಬೇಕು ಅಂತಲೂ ಇದೆ. ಇದನ್ನು ವೈದ್ಯಕ್ಕೆ ಹಾಕುತ್ತೀರೋ, ಮಾಟಕ್ಕೆ ಹಾಕುತ್ತೀರೋ? ಪಟ್ಟಿ ಮಾಡುವವರ ತಲೆನೋವು ಇದೇ.

ಈಗ ಬೀಗದ ಮಾತು. ಮೊದಲ ಶತ್ರು ಹುಳ. ಅರಬ್ಬಿ, ಫಾರ್ಸಿ ಹಸ್ತಪ್ರತಿಗಳ ಮೊದಲ ಹಾಳೆಯಲ್ಲಿ ಒಮ್ಮೊಮ್ಮೆ 'ಯಾ ಕಬೀಕಜ್' ಅಂತ ಬರೆದಿರುತ್ತದೆ. ಕಬೀಕಜ್ ಅಂದರೆ ಜಿರಳೆಗಳ ರಾಜ, ಒಬ್ಬ ಜಿನ್ನು, ಅವನ ಹೆಸರು ಕಂಡರೆ ಹುಳ ಮುಟ್ಟುವುದಿಲ್ಲ ಅನ್ನುವ ನಂಬಿಕೆ. ಸ್ವಾರಸ್ಯ ಏನೆಂದರೆ ಕಬೀಕಜ್ ಮೂಲತಃ ಒಂದು ಗಿಡದ ಹೆಸರು. ವಿಷದ ಗಿಡ. ಅದರ ಎಲೆಯನ್ನು ಪುಸ್ತಕದಲ್ಲಿ ಇಟ್ಟರೆ ಹುಳ ದೂರ ಇರುತ್ತದೆ ಅಂತ ಇಡುತ್ತಿದ್ದರು. ಕಾಲ ಕಳೆದ ಹಾಗೆ ಎಲೆ ಮರೆತುಹೋಗಿ ಹೆಸರು ಉಳಿಯಿತು, ಹೆಸರು ಜಿನ್ನಾಯಿತು. ನಾವು ಕಟ್ಟಿನಲ್ಲಿ ಬೇವಿನ ಎಲೆ, ಹಾವಿನ ಪೊರೆ ಇಡುತ್ತಿದ್ದದ್ದೂ ಇದೇ ಕೆಲಸಕ್ಕೆ. ಪೊರೆ ಕಂಡವರು 'ಕಟ್ಟಿಗೆ ಸರ್ಪ ಕಾವಲು' ಅಂತ ಕತೆ ಕಟ್ಟಿದರೆ ಆಶ್ಚರ್ಯವೇ?

ಎರಡನೇ ಶತ್ರು ಕಳ್ಳ. ಹಳೆಯವರು ಅವನಿಗೆ ಶಾಪ ಹಾಕುತ್ತಿದ್ದರು. ಜರ್ಮನಿಯ ಆರ್ನ್‌ಸ್ಟೈನ್ ಮಠದ 1172ರ ಸುಮಾರಿನ ಬೈಬಲ್ಲಿನಲ್ಲಿ, ಇದನ್ನು ಕದ್ದವನು ಸಾಯಲಿ, ಬಾಣಲೆಯಲ್ಲಿ ಹುರಿಯಲಿ, ಮೂರ್ಛೆರೋಗ ಹಿಡಿಯಲಿ, ಗಲ್ಲಿಗೇರಲಿ ಅಂತ ಬರೆದಿದೆ. ನಮ್ಮ ದಾನಶಾಸನಗಳ ಕೊನೆಯ ಶಾಪ ಇದಕ್ಕೆ ಕಡಿಮೆ ಇಲ್ಲ, ಕೊಟ್ಟ ಭೂಮಿ ಕಿತ್ತುಕೊಂಡವನು 60,000 ವರ್ಷ ಮಲದಲ್ಲಿ ಹುಳವಾಗಿ ಹುಟ್ಟುತ್ತಾನೆ. ಆದರೆ ನಮ್ಮ ಲಿಪಿಕಾರರು ಪುಸ್ತಕದ ಕೊನೆಗೆ ಬರೆಯುವ ಶ್ಲೋಕ ನನಗೆ ಹೆಚ್ಚು ಇಷ್ಟ. ಪುಸ್ತಕವೇ ಮಾತಾಡುತ್ತದೆ ಅದರಲ್ಲಿ: ಎಣ್ಣೆಯಿಂದ ನನ್ನನ್ನು ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಮಾತ್ರ ಕೊಡಬೇಡ. ಮೇಡಂ ನನಗೆ ಹೇಳಿದ್ದೂ ಇದನ್ನೇ, ನೋಡಿ.

ಮೂರನೆಯದು ಬಣ್ಣ ಮತ್ತು ಕಾಗದದ ರಸಾಯನ. ತಾಮ್ರದ ಕಿಲುಬಿನಿಂದ ಮಾಡುವ ಹಸಿರು ಬಣ್ಣಕ್ಕೆ ಫಾರ್ಸಿಯಲ್ಲಿ ಜಂಗಾರ್ ಅನ್ನುತ್ತಾರೆ. ಪುಟದ ಸುತ್ತ ಅದರಿಂದ ಎಳೆದ ಚೌಕಟ್ಟು ನೂರಾರು ವರ್ಷದಲ್ಲಿ ಕಾಗದವನ್ನೇ ತಿಂದು, ಕೊನೆಗೆ ಬರಹದ ಭಾಗ ಕಿಟಕಿಯ ಹಾಗೆ ಕಳಚಿ ಕೈಗೆ ಬರುತ್ತದೆ. ಯಾರೋ ಬ್ಲೇಡಿನಿಂದ ಕತ್ತರಿಸಿದ ಹಾಗೆ. ಯುರೋಪಿನ ಕಬ್ಬಿಣದ ಶಾಯಿಯೂ ಹೀಗೆಯೇ ಅಕ್ಷರದ ಜಾಗದಲ್ಲೇ ಹಾಳೆ ಸುಡುತ್ತದೆ. ನಮ್ಮ ದೀಪದ ಮಸಿ ಮಾತ್ರ ಪಾಪದ್ದು, ಏನೂ ಮಾಡುವುದಿಲ್ಲ. ಇನ್ನು 'ಮುಟ್ಟಿದರೆ ಸಾಯುತ್ತೀಯ' ಅನ್ನುವ ಪುಸ್ತಕಕ್ಕೂ ಒಂದು ನಿಜದ ತುಣುಕು ಇದೆ. 2018ರಲ್ಲಿ ದಕ್ಷಿಣ ಡೆನ್ಮಾರ್ಕ್ ವಿಶ್ವವಿದ್ಯಾಲಯದವರು ತಮ್ಮಲ್ಲಿದ್ದ 16, 17ನೇ ಶತಮಾನದ ಮೂರು ಪುಸ್ತಕಗಳ ಹೊದಿಕೆಗೆ ಎಕ್ಸ್‌ರೇ ಹಾಯಿಸಿದರು. ಅವರು ಹುಡುಕುತ್ತಿದ್ದದ್ದು ಹೊದಿಕೆಗೆ ಬಳಸಿದ್ದ ಇನ್ನೂ ಹಳೆಯ ಹಸ್ತಪ್ರತಿಯ ಅಕ್ಷರ. ಸಿಕ್ಕಿದ್ದು ಆರ್ಸೆನಿಕ್, ಅಂದರೆ ಪಾಷಾಣ, ಹಸಿರು ಬಣ್ಣದ ರೂಪದಲ್ಲಿ. ಇಂಥ ಪುಸ್ತಕಕ್ಕೆ ಮಾತ್ರ ಕೈಗವಸು ಖಂಡಿತ ಬೇಕು.

ಮನುಷ್ಯನ ಚರ್ಮದ ಪುಸ್ತಕ ಇದೆಯಂತೆ ಅಂತ ಕೇಳುತ್ತೀರಿ, ಗೊತ್ತು. ಇತ್ತು. ಹಾರ್ವರ್ಡಿನಲ್ಲಿ, ಆತ್ಮದ ಬಗ್ಗೆ ಬರೆದ ಒಂದು ಫ್ರೆಂಚ್ ಪುಸ್ತಕಕ್ಕೆ 19ನೇ ಶತಮಾನದಲ್ಲಿ ಒಬ್ಬ ಡಾಕ್ಟರು, ಆಸ್ಪತ್ರೆಯಲ್ಲಿ ತೀರಿಹೋದ ಒಬ್ಬ ಹೆಂಗಸಿನ ಚರ್ಮ ತೆಗೆದು, ಯಾರನ್ನೂ ಕೇಳದೆ, ಜಿಲ್ದು ಕಟ್ಟಿಸಿದ್ದ. 2014ರಲ್ಲಿ ಪ್ರೊಟೀನು ಪರೀಕ್ಷೆ ಮಾಡಿ ಅದು ಮನುಷ್ಯರದ್ದೇ ಅಂತ ಖಚಿತವಾಯಿತು. ಮೊದಮೊದಲು ಅದೊಂದು ತಮಾಷೆಯ ಸುದ್ದಿಯಾಗಿ ಓಡಾಡಿತು. 2024ರಲ್ಲಿ ಆ ಹೊದಿಕೆಯನ್ನು ತೆಗೆದು ಬೇರೆ ಮಾಡಿದರು. ಸರಿಯಾದ ಕೆಲಸ. ಅದು ಪುಸ್ತಕದ ಭಾಗವಲ್ಲ, ಒಬ್ಬಳ ಮೈ.

ಕಲಬುರಗಿಯ ಬೇಸಿಗೆಯನ್ನು ಮರೆತರೆ ಹೇಗೆ? 42, 43 ಡಿಗ್ರಿಯಲ್ಲಿ ತಾಳೆಗರಿ ಹಪ್ಪಳದ ಹಾಗೆ ಆಗುತ್ತದೆ. ನಮ್ಮ ಕಟ್ಟು ಬಿಚ್ಚಿದಾಗ ಆದದ್ದೂ ಅದೇ. ಮೇಲಿನ ಎರಡು ಗರಿ ಅಂಚಿನಲ್ಲಿ ಚೂರಾದವು. ಒಳಗಿನವು ಚೆನ್ನಾಗಿದ್ದವು, ಆದರೆ ಖಾಲಿ. ಒಂದೂ ಅಕ್ಷರ ಇಲ್ಲ. ನನಗೆ ಆಯಿಯ ಮುಖ ನೆನಪಾಗಿ ಕೈ ಸ್ವಲ್ಪ ಹಿಂದಕ್ಕೆ ಬಂತು, ಸುಳ್ಳು ಯಾಕೆ ಹೇಳಲಿ.

ಮೇಡಂ ಒಂದು ಗರಿ ತೆಗೆದು ಬೆಳಕಿಗೆ ವಾರೆಯಾಗಿ ಹಿಡಿದರು. ಉಗುರಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಗೆರೆ. ನಮ್ಮ ಕಡೆ ತಾಳೆಗರಿಯ ಮೇಲೆ ಶಾಯಿಯಲ್ಲಿ ಬರೆಯುವುದಿಲ್ಲ, ಕಂಟ ಎಂಬ ಕಬ್ಬಿಣದ ಮೊನೆಯಿಂದ ಕೊರೆಯುತ್ತಾರೆ. ಆಮೇಲೆ ಮಸಿ ತಿಕ್ಕಬೇಕು. ಅವರು ದೀಪದ ಮಸಿಗೆ ನಿಂಬೆಹುಲ್ಲಿನ ಎಣ್ಣೆ ಎರಡು ಹನಿ ಬಿಟ್ಟು, ಹತ್ತಿಯಲ್ಲಿ ಅದ್ದಿ, ಗರಿಯ ಮೇಲೆ ಎಡದಿಂದ ಬಲಕ್ಕೆ ತಿಕ್ಕಿದರು. ಗರಿ ಪೂರಾ ಕಪ್ಪಾಯಿತು. ಆಮೇಲೆ ಒಣ ಬಟ್ಟೆಯಿಂದ ಒರೆಸಿದರು. ಮೇಲಿನ ಕಪ್ಪು ಹೋಯಿತು, ಗೀರಿನೊಳಗಿನದು ಉಳಿಯಿತು. ಖಾಲಿ ಇದ್ದ ಗರಿಯ ಮೇಲೆ ನೋಡನೋಡುತ್ತಾ ಸಾಲು ಎದ್ದು ಬಂತು: ಶ್ರೀ ಗುರುಬಸವಲಿಂಗಾಯ ನಮಃ.

ಕೋಣೆಯಲ್ಲಿ ನಿಂಬೆಹುಲ್ಲಿನ ವಾಸನೆ. ನಾನು ಉಸಿರು ಬಿಗಿ ಹಿಡಿದು ಕೂತಿದ್ದೆ. ಮುಂದೆ ಏನು ಬರುತ್ತದೋ ಅಂತ. ಬಂದದ್ದು ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಕೊಡುವ ಕಷಾಯ, ಮೈಮೇಲೆ ಎಲ್ಲೆಲ್ಲಿ ಹಲ್ಲಿ ಬಿದ್ದರೆ ಏನೇನು ಫಲ, ಆಮೇಲೆ ನಾಲ್ಕು ಗರಿ ತುಂಬ ಯಾರು ಯಾರು ಎಷ್ಟು ಸೇರು ಜೋಳ ಒಯ್ದು ತಿರುಗಿ ಕೊಟ್ಟಿಲ್ಲ ಅನ್ನುವ ಪಟ್ಟಿ. ಮೂರು ತಲೆಮಾರು ಹೆದರಿ ಮುಟ್ಟದೆ ಇಟ್ಟದ್ದು ಕೈಗಡದ ಲೆಕ್ಕ!

ಕೆಲವರು ಇದನ್ನೆಲ್ಲ ಕೇಳಿ ಸಿಟ್ಟಾಗುತ್ತಾರೆ. ವಿಶ್ವವಿದ್ಯಾಲಯದಲ್ಲಿ ಮಂತ್ರದ ಪುಸ್ತಕ ಜೋಪಾನ ಮಾಡುವುದು ಮೂಢನಂಬಿಕೆಗೆ ಮಣೆ ಹಾಕಿದ ಹಾಗಲ್ಲವೇ ಅಂತ. ನಮ್ಮ ಕಡೆ ಈ ಪ್ರಶ್ನೆ ಹಗುರವಾದದ್ದಲ್ಲ. ಬಾನಾಮತಿ ಅಂದರೆ ಕಲಬುರಗಿ, ಬೀದರ, ಯಾದಗಿರಿಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮನೆಯ ಮೇಲೆ ಕಲ್ಲು ಬಿತ್ತು, ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತು ಅಂದರೆ ಸಾಕು, ಊರಿನ ಯಾರೋ ಬಡವರ ಮೇಲೆ, ಒಂಟಿ ಹೆಂಗಸಿನ ಮೇಲೆ ಬೆರಳು ಹೋಗುತ್ತದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ನಿಧಿಗಾಗಿ ಅಮಾನುಷ ಆಚರಣೆ ಮಾಡುವುದು ಇಂಥದ್ದನ್ನೆಲ್ಲ ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ಕಾಯ್ದೆ ಆಯಿತು, ಜಾರಿಗೆ ಬಂದದ್ದು 2020ರಲ್ಲಿ. ಕಾಯ್ದೆ ತಡೆಯುವುದು ಆಚರಣೆಯನ್ನು. ಆ ಆಚರಣೆ ಎಲ್ಲಿಂದ ಬಂತು, ಯಾರು ಯಾರಿಗೆ ಹೆದರುತ್ತಿದ್ದರು, ಹೆದರಿಸಿ ದುಡ್ಡು ಮಾಡಿದವರು ಯಾರು ಅಂತ ತಿಳಿಯಬೇಕಾದರೆ ಪುಸ್ತಕ ಬೇಕು. ಕ್ರಾಮರನ ಕೈಪಿಡಿಯನ್ನು ಸುಟ್ಟುಬಿಟ್ಟರೆ ಫ್ಲಾಡೆಯನ್ನು ಯಾವ ತರ್ಕದಿಂದ ಕೊಂದರು ಅಂತ ಹೇಳುವವರು ಯಾರು?

ನನ್ನ ದೂರು ಬೇರೆ ಇದೆ. ತಾಳೆಗರಿ ಅಂದರೆ ಎಲ್ಲರಿಗೂ ಗೌರವ. 75 ವರ್ಷ ದಾಟಿದ ಕೈಬರಹವಾದರೆ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಹಾಕಿಕೊಟ್ಟ ಲೆಕ್ಕದಲ್ಲಿ ಅದು ಹಸ್ತಪ್ರತಿ, ಅದಕ್ಕೊಂದು ಬೆಲೆ. ಜಾತ್ರೆಯ ಪುಸ್ತಕಕ್ಕೆ? ಹೋಳಿ ಆದ ಮೇಲೆ ತೇರಿನ ಜಾತ್ರೆಗೆ ಬರುವ ಅಂಗಡಿಗಳಲ್ಲಿ ಬಳೆ, ಬೆಂಡು ಬತ್ತಾಸಿನ ಪಕ್ಕ ತಾಡಪತ್ರಿ ಹಾಸಿ ಮಾರುವ ಇಂದ್ರಜಾಲ, ಶಕುನ, ಪಂಚಾಂಗ, ಕಾಲಜ್ಞಾನದ ಪುಸ್ತಕಗಳು ಸಾವಿರಗಟ್ಟಲೆ ಅಚ್ಚಾಗಿವೆ, ಸಾವಿರಾರು ಮನೆ ಸೇರಿವೆ. ಮರದ ತಿರುಳಿನ ಅಗ್ಗದ ಕಾಗದ. ಅದರಲ್ಲೇ ಇರುವ ಆಮ್ಲ ಅದನ್ನು ಹಳದಿ ಮಾಡಿ ಪುಡಿ ಮಾಡುತ್ತದೆ. 400 ವರ್ಷದ ಚಿಂದಿಬಟ್ಟೆಯ ಕಾಗದ ಉಳಿಯುತ್ತದೆ, 60 ವರ್ಷದ ಇದು ಉಳಿಯುವುದಿಲ್ಲ. ಉಳಿದದ್ದು ರದ್ದಿಗೆ ಹೋಗುತ್ತದೆ. ಪಂಡಿತರ ಮಂತ್ರ ಸಿಗುತ್ತದೆ, ಜನ ನಿಜವಾಗಲೂ ಕೊಂಡು ಓದಿದ ಮಂತ್ರ ಸಿಗುವುದಿಲ್ಲ.

ಮುತ್ಯಾನ ಜಾತ್ರೆ ಪುಸ್ತಕವನ್ನು ನಾನು ಚೀಲದಲ್ಲೇ ಬಿಟ್ಟಿದ್ದೆ, ತೋರಿಸಲು ನಾಚಿಕೆಯಾಗಿ. ಹೊರಡುವ ಹೊತ್ತಿಗೆ ಮೇಡಂ ಕಣ್ಣಿಗೆ ಬಿತ್ತು. ಕೊಡಿ ಅಂತ ಇಸಿದುಕೊಂಡು, ಗರಿಗಿಂತ ಜಾಸ್ತಿ ಹೊತ್ತು ನೋಡಿದರು. ಹಾಳೆ ಮಗುಚುತ್ತಾ ಒಂದು ಕಡೆ ನಿಂತರು. ಚೇಳಿನ ಮಂತ್ರದ ಪುಟ. ಪಕ್ಕದಲ್ಲಿ ಅರಿಶಿನದ ಹೆಬ್ಬೆಟ್ಟಿನ ಗುರುತು, ಅದರ ಕೆಳಗೆ ಪೆನ್ಸಿಲಿನಲ್ಲಿ ಮುತ್ಯಾನ ಸೊಟ್ಟ ಅಕ್ಷರ: "ಎರಡು ಸಲ ಹೇಳಿದೆ. ಉರಿ ಹೋಗಲಿಲ್ಲ. ದವಾಖಾನಿಗೆ ಒಯ್ದೆವು."

ನಾನು ನಕ್ಕು, ರಬ್ಬರಿನಿಂದ ಅಳಿಸಿ ಕೊಡಲಾ ಅಂತ ಕೇಳಿದೆ. ಅವರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು.